ನೀರಿಲ್ಲದ ತೊಟ್ಟಿಯ ಬೆಳಕು

ಇಂಥ ಸುದ್ದಿಗಳನ್ನು ನಾನು ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕತ್ತರಿಸಿ ಎಸೆದಿದ್ದೇನೆ. ಯಾವುದೋ ಊರಿನ ಬಾವಿಯಲ್ಲಿ ದೀಪ ಕಂಡಿತು, ಯಾರದೋ ಹೊಲದಲ್ಲಿ ಗೆಜ್ಜೆ ಕೇಳಿಸಿತು ಎಂದು ಹಳ್ಳಿಯ ವರದಿಗಾರರು ಬರೆದು ಕಳಿಸಿದಾಗ, ಕಂಡವರು ಯಾರು, ಜೊತೆಗೆ ಇನ್ನಾರಿದ್ದರು ಎಂದು ಕೇಳಿ ಸುಮ್ಮನಾಗಿಸುತ್ತಿದ್ದೆ. ಆಗ ನಂಬುತ್ತಿರಲಿಲ್ಲ. ಈಗ ನಂಬುತ್ತೇನೆಂದೂ ಹೇಳಲಾರೆ. ಆದರೆ ಬೈಲಹೊಂಗಲದ ನಮ್ಮ ಮನೆಯ ಹಿತ್ತಲಲ್ಲಿ ಕಂಡದ್ದಕ್ಕೆ, ಆ ಎರಡೂ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೂ, ನನ್ನಲ್ಲಿ ವಿವರಣೆ ಇಲ್ಲ.

ನನ್ನ ಅಕ್ಕ ಸುರೇಬಾನದ ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಮೆಟ್ಟಿಲಿಂದ ಬಿದ್ದು ಕಾಲುಗಳ ಸ್ವಾಧೀನ ಹೋದ ಮೇಲೆ ನಮ್ಮಲ್ಲಿಗೆ ಕರೆತಂದೆವು. ಗಾಲಿಕುರ್ಚಿ ತಂದೆ, ಹೊಸ್ತಿಲಿಗೆ ಇಳಿಜಾರು ಹಲಗೆ ಹಾಕಿಸಿದೆ. ಅವಳು ಕೋಣೆ ಬಿಟ್ಟು ಬರಲಿಲ್ಲ. "ಹೊರಗೇನೈತಿ ನೋಡಾಕ?" ಎನ್ನುವಳು. ಊಟ ದಿನೇ ದಿನೇ ಕಡಿಮೆಯಾಯಿತು. ಹೀಗೇ ಬಿಟ್ಟರೆ ಕಷ್ಟ ಎಂದರು ಡಾಕ್ಟರು.

ನೋಡಲು ಏನಾದರೂ ಇರಲೆಂದು ಮೀನಿನ ತೊಟ್ಟಿ ಕಟ್ಟಿಸಲು ಹೊರಟೆ. ನೆಲದಲ್ಲಿ ತೋಡಿದ ಕೊಳವಾದರೆ ಕುರ್ಚಿಯಲ್ಲಿ ಕುಳಿತವಳಿಗೆ ಬಗ್ಗಿ ನೋಡಲಾಗದು. ಹಾಗಾಗಿ ನೆಲದ ಮೇಲೆಯೇ ಎದೆಯೆತ್ತರದ ಗೋಡೆ, ಅದರಲ್ಲಿ ಕುಳಿತವರ ಕಣ್ಣಿನ ಮಟ್ಟಕ್ಕೆ ದಪ್ಪ ಗಾಜಿನ ಎರಡು ಕಿಟಕಿ.

ನಮ್ಮದು ಎರೆನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಏನು ಕಟ್ಟುವುದಿದ್ದರೂ ಮೊದಲು ಆ ಮಣ್ಣು ತೆಗೆದು ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ತುಂಬಬೇಕೆಂದು ಇಲ್ಲಿ ಎಲ್ಲರಿಗೂ ಗೊತ್ತು. "ಮೀನಿಗೇನ ಮಾಳಿಗಿ ಮನಿ ಕಟ್ಟಾಕತ್ತೇವೇನ್ರಿ ಸರ? ಏನೂ ಆಗಂಗಿಲ್ರಿ" ಎಂದ ಗೌಂಡಿ ಈರಪ್ಪ. ನನಗೂ ಅವಸರವಿತ್ತು, ಒಪ್ಪಿದೆ. ನೆಲ ಬಿರಿಯಿತು, ಗೋಡೆ ಕೂದಲೆಳೆಯಷ್ಟು ಸರಿಯಿತು, ಗಾಜಿನ ಅಂಚಿನಿಂದ ನೀರು ಜಿನುಗಿತು. ಸಿಲಿಕಾನ್ ಮೆತ್ತಿದೆವು. ಮತ್ತೆ ಜಿನುಗಿತು. ಈರಪ್ಪ ಗಾಜಿನವನನ್ನು ಬೈದ, ಗಾಜಿನವನು ಈರಪ್ಪನನ್ನು ಬೈದ, ನಾನು ಇಬ್ಬರನ್ನೂ ಬೈದೆ. ಮೀನು ತರುವ ಮಾತೇ ಬರಲಿಲ್ಲ. ನೀರು ತುಂಬಿದಾಗಲೆಲ್ಲ ಗಂಗಾಪೂಜೆ ಮಾಡುತ್ತಿದ್ದ ನನ್ನ ಹೆಂಡತಿ ಮೂರನೆಯ ಸಲ ಅರಿಷಿಣದ ಬಟ್ಟಲು ಕೆಳಗಿಟ್ಟುಬಿಟ್ಟಳು. "ಎಷ್ಟ ಸಲ ಗಂಗವ್ವನ್ನ ಕರಿಯೂದು, ಎಷ್ಟ ಸಲ ಗಟಾರಕ್ಕ ಕಳಸೂದು? ನಾ ಒಲ್ಲೆರಿ."

ಕೊನೆಗೆ ನೀರೆಲ್ಲ ಹೊರಬಿಟ್ಟು, ಬುಡವನ್ನು ಒಂದೊಂದೇ ಬದಿಯಿಂದ ತೋಡಿ ಗರಸು ತುಂಬುವುದೆಂದಾಯಿತು. ಬಿಸಿಲಿಗೆ ತೊಟ್ಟಿಯ ಒಳಗಿನ ಸಿಮೆಂಟು ಒಣಗಿ ಬೆಳ್ಳಗಾಯಿತು.

ಅದೊಂದು ಮಧ್ಯಾಹ್ನ. ನೇಸರಗಿ ಕಡೆಯಿಂದ ಬರಬೇಕಿದ್ದ ಗರಸಿನ ಟ್ರ್ಯಾಕ್ಟರಿಗೆ ಕಾದು ಬೇಸತ್ತು ನಾನೂ ಈರಪ್ಪನೂ ಹಿತ್ತಲಿಗೆ ಬಂದೆವು. ಅಕ್ಕ ಅಲ್ಲಿದ್ದಳು. ತಾನೇ ಗಾಲಿ ತಿರುಗಿಸಿಕೊಂಡು ಬಂದು, ಗಾಜಿಗೆ ಮುಖ ಹತ್ತಿರ ಹಿಡಿದು ನಗುತ್ತಿದ್ದಳು.

"ಆ ಬಿಳೇದ ನೋಡೋ ತಮ್ಮಾ, ಯಾರನ್ನೂ ಮುಂದ ಹೋಗಾಕ ಬಿಡವಲ್ದು. ನಮ್ಮ ಸಾಲಿ ಹೆಡ್‌ಬಾಯಾರ ಗತೆ!"

ಮೇಲಿನಿಂದ ಇಣುಕಿದೆ. ಒಣ ಸಿಮೆಂಟು, ಈರಪ್ಪ ಬಿಟ್ಟಿದ್ದ ಕರಣಿ, ಒಂದಷ್ಟು ಧೂಳು.

ಅಷ್ಟೇ ಆಗಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಸುಮ್ಮನಾಗುತ್ತಿದ್ದೆ. ಆದರೆ ಅವಳ ಮುಖದ ಮೇಲೆ ಬೆಳಕು ಆಡುತ್ತಿತ್ತು. ತುಂಬಿದ ನೀರಿಗೆ ಬಿಸಿಲು ಬಿದ್ದಾಗ ಎದುರಿನ ಗೋಡೆಯ ಮೇಲೆ ಬಲೆಬಲೆಯಾಗಿ ನಡುಗುತ್ತದಲ್ಲ, ಆ ಬೆಳಕು. ಅವಳ ಸೀರೆಯ ಮೇಲೂ, ಹಿಂದಿನ ಗೋಡೆಯ ಮೇಲೂ ಇತ್ತು. ನಡುನಡುವೆ ಅದರಲ್ಲಿ ಸಣ್ಣ ನೆರಳೊಂದು ಹಾದು ಹೋಗುತ್ತಿತ್ತು.

"ಸರ, ನನಗಷ್ಟ ಕಾಣಾಕತ್ತೈತೇನ್ರಿ?" ಈರಪ್ಪ ಪಿಸುಗುಟ್ಟಿದ.

ಸುತ್ತಲೂ ಹುಡುಕಿದೆ. ಬಕೆಟ್ಟುಗಳು ಖಾಲಿ, ಹೊಳೆಯುವ ತಗಡು ಎಲ್ಲೂ ಇಲ್ಲ, ಗಾಳಿಯೂ ಇಲ್ಲ. ಗಾಜಿಗೆ ಗೋಣಿಚೀಲ ಅಡ್ಡ ಹಿಡಿದೆ. ಬೆಳಕು ನಿಂತಿತು. ತೆಗೆದೆ, ಮತ್ತೆ ಬಂತು. "ಅಡ್ಡ ಬರಬ್ಯಾಡೋ, ಅಂಜತಾವ!" ಎಂದು ಅಕ್ಕ ಗದರಿದಳು. ಅಷ್ಟರಲ್ಲಿ ಬಿಸಿಲಿಗೆ ಮೋಡ ಮುಚ್ಚಿತು. ಗೋಡೆ ಬರೀ ಗೋಡೆಯಾಯಿತು.

ನಮಗೆ ಅದು ಮತ್ತೆ ಕಾಣಲಿಲ್ಲ. ಆದರೆ ಕೆಲಸ ನಡೆದಷ್ಟು ದಿನವೂ ಅಕ್ಕ ಹೊರಗೆ ಬಂದು ಆ ಖಾಲಿ ತೊಟ್ಟಿಯ ಮುಂದೆ ಕುಳಿತಳು. ಊಟದ ತಾಟನ್ನು ಅಲ್ಲಿಗೇ ತರಿಸಿಕೊಂಡಳು, ಎರಡನೇ ರೊಟ್ಟಿ ಕೇಳಿದಳು.

ಗರಸು ತುಂಬಿ, ಗಾಜು ಹೊಸದಾಗಿ ಕೂಡಿಸಿ, ನೀರು ಬಿಟ್ಟೆವು. ಒಂದು ಹನಿಯೂ ಸೋರಲಿಲ್ಲ. ಬೆಳಗಾವಿಯಿಂದ ಕೆಂಪು, ಕಪ್ಪು, ಬಿಳಿ ಮೀನು ತಂದು ಬಿಟ್ಟು, ಅಕ್ಕನನ್ನು ಕರೆದೆ. ಅವಳು ಬಹಳ ಹೊತ್ತು ನೋಡಿದಳು. "ಇವಲ್ಲ" ಎಂದು ಕುರ್ಚಿ ತಿರುಗಿಸಿದಳು. ಮತ್ತೆ ಹೊರಗೆ ಬಂದಿಲ್ಲ. ತಾಟು ಈಗ ಅರ್ಧ ತುಂಬಿಯೇ ಅಡುಗೆಮನೆಗೆ ಮರಳುತ್ತದೆ.

ಮೊನ್ನೆ ಈರಪ್ಪ ಬಂದಿದ್ದ. ಗಾಜಿನ ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿ, ಒಣಗಿದ್ದ ಬೆರಳನ್ನು ಅಂಗಿಗೆ ಒರೆಸಿಕೊಂಡ.

"ನಗಬ್ಯಾಡ್ರಿ ಸರ. ನೀರ ಖಾಲಿ ಮಾಡಿ ನೋಡೂಣೇನ್ರಿ?"

ನನಗೆ ನಗು ಬರಲಿಲ್ಲ. ಇಷ್ಟು ಮೀನನ್ನು ಎಲ್ಲಿ ಬಿಡುವುದು ಎಂದಷ್ಟೇ ಕೇಳಿದೆ.