ಸವಡಿಯ ಅಜ್ಜಿ ನೀರಿಗೆ ಹಾಕಿದ ಬೆಲ್ಲ

ಪವಾಡದ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಾನು ರಸಾಯನಶಾಸ್ತ್ರ ಓದಿದವಳು. ಕಣ್ಣಾರೆ ಕಂಡರೂ ಮತ್ತೊಮ್ಮೆ ಪರೀಕ್ಷಿಸು ಎನ್ನುವ ಜಾತಿ. ಈಗಲೂ ಅದೇ ಜಾತಿ. ಆದರೂ ಆ ಮಧ್ಯಾಹ್ನ ನಡೆದದ್ದನ್ನು ಇದ್ದಂತೆ ಹೇಳುತ್ತೇನೆ, ನಗುವುದಾದರೆ ನಗಿ.

ಎರಡು ಸಾವಿರದ ಐದೋ ಆರೋ ಇರಬೇಕು. ರೋಣದ ನಮ್ಮ ಮನೆಗೆ ಸವಡಿಯಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗ ಮನಸ್ಸಿಗೆ ಬಂದಿದ್ದ, ಸುಳ್ಳೇಕೆ ಹೇಳಲಿ. ಆದರೆ ನನ್ನ ಸಂಶೋಧನೆ ಇನ್ನೂ ಅರ್ಧದಲ್ಲಿತ್ತು. ಅದನ್ನು ಬಿಡು ಎಂದರೆ ಈ ಸಂಬಂಧವೇ ಬೇಡ ಎಂದು ಅವ್ವನಿಗೆ ಮೊದಲೇ ಹೇಳಿದ್ದೆ. ಅವರ ಮನೆಯಲ್ಲೋ ಹುಡುಗನ ಅಜ್ಜಿಯದೇ ಕೊನೆಯ ಮಾತು.

ಬಂದವರಿಗೆ ನಮ್ಮಲ್ಲಿ ಮೊದಲು ಬೆಲ್ಲ, ನೀರು. ಅಜ್ಜಿ ಬೆಲ್ಲದ ಹೆಂಟೆಯನ್ನು ಕೈಯಲ್ಲೇ ಹಿಡಿದು, “ಏನ ಓದಾಕತ್ತೀ ಯವ್ವಾ?” ಎಂದರು.

ಅಣುಸ್ಥಾವರದಲ್ಲಿ ಉರಿದು ಮುಗಿದ ಇಂಧನವನ್ನು ಕೆಲವು ದೇಶಗಳು ನೆಲದಾಳದಲ್ಲಿ ಹೂಳಲು ಹೊರಟಿವೆ, ಸಾವಿರಾರು ವರ್ಷಗಳಲ್ಲಿ ಅದಕ್ಕೆ ನೀರು ತಾಗಿದರೆ ಹೇಗೆ ಕರಗುತ್ತದೆ ಎಂದು ನೋಡುತ್ತೇನೆ ಎಂದೆ.

“ನೀರಾಗ ಹಾಕಿದ್ದು ಕರಗೂದ ಖರೇ. ಅದರಾಗ ನೋಡೂದೇನೈತಿ?”

“ಎಲ್ಲಾ ಕರಗೂದಿಲ್ರೀ ಅಜ್ಜಿ,” ಎಂದು ಹುಮ್ಮಸ್ಸಿನಲ್ಲಿ ಶುರು ಮಾಡಿದೆ. ಗಾಳಿ ಸೋಂಕದ ನೀರಿನಲ್ಲಿ ಆ ಇಂಧನ ಕರಗುವುದು ಬಲು ನಿಧಾನ. ಅದರದೇ ವಿಕಿರಣ ನೀರನ್ನು ಒಡೆದರೆ ಬೇಗ ಕರಗತೊಡಗುತ್ತದೆ; ಜೊತೆಗೆ ಹೈಡ್ರೋಜನ್ ಇದ್ದರೆ ಅದು ಆ ಕರಗುವಿಕೆಯನ್ನು ಮತ್ತೆ ತಡೆಯುತ್ತದೆ. ಹುಡುಗ ತಲೆ ತಗ್ಗಿಸಿ ನಗುತ್ತಿದ್ದ.

ಅಜ್ಜಿ ಬೆಲ್ಲವನ್ನು ತಂಬಿಗೆಯ ನೀರಿಗೆ ಹಾಕಿದರು. “ಊಟ ಮುಗಿಯೂದ್ರಾಗ ಇದು ಕರಗಲಿಲ್ಲಂದ್ರ ನೀ ಎಷ್ಟ ಬೇಕಾದ್ರೂ ಓದು. ಕರಗಿದ್ರ ಸುಮ್ನ ಬಂದು ಸಂಸಾರ ಮಾಡು.”

ಬೆಲ್ಲ ಕರಗದೆ ಇನ್ನೇನಾದೀತು? ಅವ್ವ ಒತ್ತಾಯ ಮಾಡಿ ಮಾಡಿ ಗೋದಿ-ಬೆಲ್ಲದ ಮಾದಲಿ ಬಡಿಸುತ್ತಿದ್ದಳು. ಊಟ ಮುಗಿಯುವ ಲಕ್ಷಣವೇ ಇರಲಿಲ್ಲ. ತಂಬಿಗೆ ಎಲ್ಲರ ಕಣ್ಣೆದುರೇ ಇತ್ತು, ಯಾರೂ ಮುಟ್ಟಲಿಲ್ಲ.

ಕೈ ತೊಳೆದು ಬಂದ ಅಜ್ಜಿ ಹೆಂಟೆಯನ್ನು ಹೊರತೆಗೆದರು. ಹಾಕಿದಷ್ಟೇ ಇತ್ತು. ನೀರಿಗೆ ಬಣ್ಣ ಕೂಡ ಬಂದಿರಲಿಲ್ಲ. ಕುಡಿದು ನೋಡಿದೆ, ಸಪ್ಪೆ. ಅಜ್ಜಿ ಹೆಂಟೆಯನ್ನು ಒಡೆದು ಎಲ್ಲರಿಗೂ ಹಂಚಿದರು. ಅಪ್ಪಟ ಸಿಹಿ ಬೆಲ್ಲ.

“ಏನ ಮಾಡಿದ್ರೀ ಅಜ್ಜಿ?”

“ನಾ ಏನ ಮಾಡ್ಲಿ? ಎಲ್ಲಾ ಕರಗೂದಿಲ್ಲಂತ ನೀನ ಹೇಳಿದೆಲ್ಲ.”

ಮನೆ ತುಂಬ ನಗು. ಮದುವೆಯಾದೆ, ಸಂಶೋಧನೆಯನ್ನೂ ಮುಗಿಸಿದೆ. ಅದೇ ತಂಬಿಗೆ, ಅದೇ ಅಂಗಡಿಯ ಬೆಲ್ಲ ಹಿಡಿದು ಎಷ್ಟೋ ಸಲ ಪರೀಕ್ಷಿಸಿದ್ದೇನೆ. ಪ್ರತಿ ಸಲವೂ ಕರಗಿದೆ, ಪ್ರತಿ ಸಲವೂ ಆ ಪಾನಕವನ್ನು ನನ್ನ ಗಂಡ ಖುಷಿಯಿಂದ ಕುಡಿದಿದ್ದಾನೆ. ಅವತ್ತೊಂದು ದಿನ ಅದೇಕೆ ಕರಗಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.