ಕಟ್ಟಿ ಹಾಕಲಾಗದ ನಾಯಿ

ನಾನು ಕೆಲಸ ಮಾಡುವುದು ಚಾಮರಾಜನಗರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ, ಸಹಾಯಕಿಯಾಗಿ. ಮನೆ ಇರುವುದು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ. ಬೆಳಿಗ್ಗೆ ಪೇಟೆಗೆ ಒಂದು ಬಸ್ಸು, ಅಲ್ಲಿಂದ ನಗರಕ್ಕೆ ಇನ್ನೊಂದು. ಮೊದಲನೆಯದು ತಪ್ಪಿದರೆ ಇಡೀ ದಿನವೇ ತಪ್ಪಿದ ಹಾಗೆ. ಹಾಗಾಗಿ ಊಟದ ಚೀಲವನ್ನು ಹೆಗಲಿಗೇರಿಸಿ, ಸೆರಗು ಸಿಕ್ಕಿಸಿಕೊಳ್ಳುತ್ತಾ ಓಡುವುದು ನನ್ನ ಅಭ್ಯಾಸ. ಪಕ್ಕದ ಮನೆಯ ನಾಯಿಗೆ ಓಡುವವರನ್ನು ಕಂಡರೆ ಆಗುತ್ತಿರಲಿಲ್ಲ.

ಕಂದು ಬಣ್ಣದ, ಅಗಲ ಎದೆಯ ಗಂಡು ನಾಯಿ ಅದು. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರಲ್ಲ, ಇದು ಬೊಗಳುತ್ತಲೇ ಇರಲಿಲ್ಲ. ಜಗಲಿಯ ಪಕ್ಕದಲ್ಲಿ ಮುಂಗಾಲಿನ ಮೇಲೆ ತಲೆಯಿಟ್ಟು ಮಲಗಿರುತ್ತಿತ್ತು. ಎದ್ದಿತೆಂದರೆ ನೇರವಾಗಿ ಕಾಲಿಗೇ ಬರುತ್ತಿತ್ತು. ಡೇರಿಗೆ ಹಾಲು ಹಾಕಲು ಸೈಕಲ್ಲಿನಲ್ಲಿ ಹೋಗುತ್ತಿದ್ದ ಮೇಲಿನ ಬೀದಿಯ ಅಜ್ಜನನ್ನು ಒಮ್ಮೆ ಬೀಳಿಸಿತ್ತು. ಹಾಲೆಲ್ಲ ಮಣ್ಣುಪಾಲಾಗಿ, ಅವರ ಮೊಣಕೈ ಮುರಿದಿತ್ತು. ಅಂದಿನಿಂದ ಜನ ಆ ಮನೆಯ ಮುಂದೆ ಬರುವಾಗ ಕೈಯಲ್ಲೊಂದು ಕಲ್ಲು ಹಿಡಿದೇ ಬರುತ್ತಿದ್ದರು.

ಆ ಮನೆಯಲ್ಲಿದ್ದದ್ದು ಒಬ್ಬಳೇ ಹೆಂಗಸು. ನನಗಿಂತ ದೊಡ್ಡವಳು, ಅಕ್ಕ ಎಂದೇ ಕರೆಯುತ್ತೇನೆ. ಗಂಡ ವಯನಾಡಿನ ಶುಂಠಿ ತೋಟವೊಂದರಲ್ಲಿ ಮೇಸ್ತ್ರಿ. ಹಬ್ಬಕ್ಕೋ ಬಿತ್ತನೆಗೋ ಬಂದು ಹೋಗುತ್ತಾನೆ. ಊರಾಚೆ ಕಾಡಿನ ಕಡೆಗಿರುವ ಹೊಲದಲ್ಲಿ ಅಕ್ಕ ಚೆಂಡುಹೂವು, ಅವರೆ ಬೆಳೆಯುತ್ತಾಳೆ. ಮೆತ್ತನೆಯ ಮಾತಿನವಳು. ಆದರೆ ನಾಯಿ ಕಟ್ಟು ಎಂದರೆ ಮಾತ್ರ ಕಿವಿ ಕೇಳದವಳ ಹಾಗೆ ಒಳಗೆ ಹೋಗಿಬಿಡುತ್ತಿದ್ದಳು.

ಅವರೆ ಹೂ ಬಿಡುವ ಕಾಲದ ಒಂದು ಬೆಳಿಗ್ಗೆ ಅದು ನನ್ನನ್ನು ಕಚ್ಚಿತು. ಮಂಜು ದಟ್ಟವಾಗಿತ್ತು. ಬಸ್ಸಿನ ಹಾರ್ನು ಕೇಳಿ ಓಡಿದೆ. ಹಿಂದಿನಿಂದ ಮೀನಖಂಡಕ್ಕೆ ಯಾರೋ ಕುಡುಗೋಲು ಹಾಕಿ ಎಳೆದ ಹಾಗಾಯಿತು. ಬಿದ್ದ ಮೇಲೆಯೇ ನಾಯಿ ಎಂದು ಗೊತ್ತಾದದ್ದು. ಅಕ್ಕ ಬರಿಗಾಲಲ್ಲಿ ಓಡಿಬಂದು ಅದರ ಕತ್ತು ತಬ್ಬಿ ಬಿಡಿಸಿದಳು. ನನ್ನ ಗಂಡ ದೊಣ್ಣೆ ಹಿಡಿದು ಬಂದರೆ ನಾಯಿಯ ಮೇಲೆ ತಾನೇ ಬಾಗಿ ಕುಳಿತಳು. ಇವರು ಎತ್ತಿದ ಕೈ ಹಾಗೆಯೇ ಇಳಿಸಿದರು. ಆಮೇಲೆ ಬಚ್ಚಲ ನಲ್ಲಿಯ ಕೆಳಗೆ ನನ್ನನ್ನು ಕೂರಿಸಿ, ನಾನು ಸಾಕೆಂದರೂ ಬಿಡದೆ, ಸೋಪು ಹಚ್ಚಿ ಗಾಯ ತೊಳೆದರು.

ಪೇಟೆಯ ಆಸ್ಪತ್ರೆಗೆ ಹೊರಟಾಗ ಅಕ್ಕನೂ ಬಸ್ಸು ಹತ್ತಿದಳು. ಯಾರೂ ಕರೆದಿರಲಿಲ್ಲ. ನನ್ನ ಪಕ್ಕ ಸೀಟು ಖಾಲಿಯಿದ್ದರೂ ಹಿಂದಿನ ಸೀಟಿನಲ್ಲಿ ಕುಳಿತಳು. ಗಾಯದ ಸುತ್ತ ಸೂಜಿ ಚುಚ್ಚುವಾಗ ನಾನು ಕಿರುಚಿಕೊಂಡೆ. ಬಾಗಿಲ ಹೊರಗೆ ನಿಂತಿದ್ದ ಅವಳು ಗೋಡೆಗೆ ಮುಖ ತಿರುಗಿಸಿದಳು. ಆವತ್ತು ನನಗೆ ಅವಳ ಮೇಲೆ ಯಾವ ಕರುಣೆಯೂ ಬರಲಿಲ್ಲ. ನಾಯಿಯನ್ನು ತಬ್ಬಿಕೊಂಡದ್ದೇ ಕಣ್ಣ ಮುಂದಿತ್ತು.

ಮುಂದಿನ ಇಂಜೆಕ್ಷನ್ನಿಗೂ ಬಂದಳು. ವಾಪಸ್ಸು ಬಸ್ಸಿಗೆ ಕಾಯುತ್ತಾ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಅವಳೇ ಟೀ ತಂದುಕೊಟ್ಟಳು. ನಾನು ಕೇಳಿಯೇ ಬಿಟ್ಟೆ.

“ಅಷ್ಟು ಜನ ಹೇಳ್ತಾರೆ. ಒಂದು ಚೈನು ಹಾಕಕ್ಕೆ ನಿಂಗೇನಕ್ಕ?”

ಅವಳು ಲೋಟ ಕೆಳಗಿಟ್ಟಳು. “ಎರಡಿದ್ದೊ ಕಣಮ್ಮಿ. ಒಂದೇ ತಾಯಿ ಮರಿಗೊ. ನಮ್ಮೋರು ಕೇರಳದಿಂದ ಬುಟ್ಟೀಲಿ ತಂದಿದ್ರು. ಹೊಲದ ಗುಡ್ಲಲ್ಲಿ ಸಾಕಿದ್ದು. ಹೆಣ್ಣು ಒಸಿ ತುಂಟಿ, ಹೂವ ತುಳೀತದೆ ಅಂತ ಅದನ್ನ ಕಟ್ಟಾಕಿದ್ದೆ. ಇದುನ್ನ ಕಟ್ಟಿರಲಿಲ್ಲ, ಬುಟ್ಟಿದ್ದೆ. ಚಿರ್ತೆ ಬಂತು. ಬುಟ್ಟಿದ್ದು ಓಡಿ ಜೀವ ಉಳಿಸ್ಕತು. ಕಟ್ಟಿದ್ದು ಎಲ್ಲಿಗೆ ಓಡ್ತದೆ? ಬೆಳಗ್ಗೆ ಓಗಿ ನೋಡುದ್ರೆ ಗೂಟದಲ್ಲಿ ಚೈನು ಅಂಗೇ ಇತ್ತು.”

ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡಳು. “ಊರೊಳಕ್ಕೆ ಕರ್ಕಬಂದೆ. ಅವತ್ತಿಂದ ಇದು ಇಂಗೆ. ಯಾರು ಓಡುದ್ರೂ ಮೇಲೆ ಬೀಳ್ತದೆ. ತಪ್ಪು ಅಂತ ಗೊತ್ತು. ಆದ್ರೆ ಚೈನು ಕೈಗೆ ತಗಂಡ್ರೆ ಆ ಗೂಟನೇ ಕಾಣ್ತದೆ. ನಾನೇ ಅಲ್ವಾ ಕಟ್ಟಿದ್ದು.”

ಬಸ್ಸು ಬಂದಾಗ ಪಕ್ಕದ ಸೀಟಿನ ಮೇಲೆ ಚೀಲ ಇಡದೆ ಅವಳಿಗೆ ಜಾಗ ಬಿಟ್ಟೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. “ಅದೆಲ್ಲ ಸರಿ, ನಿನ್ ಕಾಲು ಏನಾಯ್ತು ನೋಡ್ಕೊ” ಎಂದರು. ಅವರ ಮಾತೂ ತಪ್ಪಲ್ಲ. ಮೆಟ್ಟಿಲು ಹತ್ತುವಾಗ ನಾನು ಇನ್ನೂ ಕಾಲು ಎಳೆಯುತ್ತಿದ್ದೆ. ಡೇರಿಯ ಮುಂದೆ ದಿನಾ ನಾಯಿಯದೇ ಮಾತು. “ಅನ್ನಕ್ಕೆ ಔಸ್ದಿ ಬೆರೆಸಿ ಇಟ್ಬುಟ್ರೆ ಒಂದೇ ದಿನದ ಕೆಲಸ ಕಣ್ಲಾ” ಎಂದು ಯಾರೋ ಹೇಳಿದ್ದು, ನಾನು ಅತ್ತ ಹೋದಾಗ ಮಾತು ನಿಂತದ್ದು, ಎರಡೂ ನೆನಪಿದೆ.

ಒಂದು ಭಾನುವಾರ ಬೆಳಿಗ್ಗೆ ಹಾಲು ತರಲು ಹೋದವಳಿಗೆ ಅಕ್ಕನ ಮನೆಯ ಬೇಲಿ ಮಗ್ಗುಲಲ್ಲಿ ಮುತ್ತುಗದ ಎಲೆ ಕಾಣಿಸಿತು. ಅದರ ಮೇಲೆ ಅನ್ನ, ಕೋಳಿಯ ಚರ್ಮ. ಬಗ್ಗಿದರೆ ಹೂವಿನ ಗಿಡಕ್ಕೆ ಹೊಡೆಯುವ ಔಷಧಿಯ ವಾಸನೆ ಮೂಗಿಗೆ ಬಡಿಯಿತು. ನಾಯಿ ಆಚೆ ಬದಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿತ್ತು. ಇನ್ನೂ ವಾಸನೆ ಹಿಡಿದಿರಲಿಲ್ಲ. ನಾನು ಸುಮ್ಮನೆ ಹೋಗಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಕಚ್ಚಿಸಿಕೊಂಡ ಕಾಲು ಇನ್ನೂ ಜುಮ್ಮೆನ್ನುತ್ತಿತ್ತು. ಬೀದಿಯಲ್ಲಿ ಕೋಳಿಗಳಿದ್ದವು, ಅಂಬೆಗಾಲಿಡುವ ಮಕ್ಕಳಿದ್ದರು. ಅವರನ್ನು ನೆನೆದು ತೆಗೆದೆನೋ, ಬೆಂಚಿನ ಮೇಲೆ ಕೂತಿದ್ದ ಅಕ್ಕನನ್ನು ನೆನೆದು ತೆಗೆದೆನೋ ಇವತ್ತಿಗೂ ಹೇಳಲಾರೆ. ಪ್ಲಾಸ್ಟಿಕ್ ಕವರನ್ನು ಕೈಗೆ ಸುತ್ತಿಕೊಂಡು ಎಲೆ ಸಮೇತ ಎತ್ತಿದೆ. ಆಗ ನಾಯಿ ತಲೆ ಎತ್ತಿ ನೋಡಿತು. ಓಡಬಾರದೆಂದು ನನಗೆ ನಾನೇ ಹೇಳಿಕೊಳ್ಳುತ್ತಾ ಹಿಂದೆ ಹಿಂದೆ ಹೆಜ್ಜೆಯಿಟ್ಟು ನಮ್ಮ ಹಿತ್ತಲು ಸೇರಿದೆ. ಗುಂಡಿ ತೋಡಿ ಹೂಳುವಾಗ ಗಂಡ ಬಂದು ನಿಂತರು.

ಏನೆಂದು ಹೇಳಿದೆ. “ಯಾರು ಇಟ್ರು ಅಂತ ನಂಗೊತ್ತು. ನನ್ ಮುಂದೇನೇ ಮಾತಾಡುದ್ರು. ನಾನು ಬ್ಯಾಡ ಅನ್ಲಿಲ್ಲ” ಎಂದು ಹೇಳಿ, ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡು ಮಣ್ಣು ಮುಚ್ಚಿದರು.

ಅವತ್ತು ಮಧ್ಯಾಹ್ನ ಊಟದ ನಡುವೆ ಇದ್ದಕ್ಕಿದ್ದಂತೆ ಹೇಳಿದರು. “ಕಟ್ಟಾಕದು ಬ್ಯಾಡ. ಕೂಡಾಕನ.”

ನಮ್ಮ ಹೊಲದಲ್ಲಿ ಹಿಂದೆ ಕೋಳಿ ಸಾಕಲು ಹಾಕಿದ್ದ ಶೆಡ್ಡಿನ ಕಬ್ಬಿಣದ ಜಾಲರಿ ಹಾಗೇ ಬಿದ್ದಿತ್ತು. ಅದನ್ನು ಎತ್ತಿನ ಗಾಡಿಯಲ್ಲಿ ತಂದರು. ಪೇಟೆಯಿಂದ ವೆಲ್ಡಿಂಗ್‌ನವರು ಬಂದು ಅಕ್ಕನ ಮನೆಯ ಬೇವಿನ ಮರದ ಕೆಳಗೆ, ಮನುಷ್ಯರು ನಿಲ್ಲುವಷ್ಟು ಎತ್ತರದ ಗೂಡು ಕಟ್ಟಿದರು. ನೆಲಕ್ಕೆ ಚಪ್ಪಡಿ, ಮೇಲೆ ತಗಡು. ಅಕ್ಕ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು. ಮತ್ತೆ ಮತ್ತೆ ಅಲ್ಲಾಡಿಸಿದಳು. “ಇದುನ್ನ ಚಿರ್ತೆ ಕೀಳಾಕಾಯ್ತದಾ?” ಎಂದು ನನ್ನ ಗಂಡನನ್ನು ಕೇಳಿದಳು. “ಆನೆ ಬಂದ್ರೆ ಗೊತ್ತಿಲ್ಲ. ಚಿರ್ತೆ ಕೈಲಿ ಆಗಲ್ಲ ಬುಡಿ” ಎಂದರು ಇವರು.

ಗೂಡು ಮಾಡಿದ್ದು ಸುಲಭ, ನಾಯಿ ಒಳಗಿರುವುದು ಸುಲಭವಾಗಲಿಲ್ಲ. ಬಾಗಿಲು ಹಾಕಿದ ಕೂಡಲೇ ಜಾಲರಿಗೆ ಮೈ ಹೊಡೆದುಕೊಂಡು ಮೂತಿಯೆಲ್ಲ ರಕ್ತ ಮಾಡಿಕೊಂಡಿತು. ಆಗ ಅಕ್ಕ ಮಾಡಿದ ಕೆಲಸವನ್ನು ನಮ್ಮ ಬೀದಿ ಇನ್ನೂ ಆಡಿಕೊಳ್ಳುತ್ತದೆ. ಅವರೆಕಾಯಿಯ ಮಂಕರಿ ಎತ್ತಿಕೊಂಡು ತಾನೇ ಒಳಗೆ ಹೋಗಿ, “ಚಿಲಕ ಆಕು” ಎಂದು ನನಗೆ ಹೇಳಿ, ಕಾಲು ಚಾಚಿ ಕುಳಿತು ಕಾಯಿ ಸುಲಿಯತೊಡಗಿದಳು. ನಾಯಿ ಸುತ್ತಿತು, ಕೆರೆಯಿತು, ಕೊನೆಗೆ ಅವಳ ತೊಡೆಗೆ ಬೆನ್ನು ಕೊಟ್ಟು ಮಲಗಿತು. ದಾರಿಯಲ್ಲಿ ಹೋಗುವವರು ನಿಂತು ನಕ್ಕರು. “ನಾಯಿ ಕೂಡಾಕ್ತೀನಿ ಅಂತ ತಾನೇ ಕೂತವಳೆ” ಎಂದರು. ಅವಳು ಇನ್ನೊಂದು ಹಿಡಿ ಕಾಯಿ ಎತ್ತಿಕೊಂಡಳು.

ಮರುದಿನವೂ ಹಾಗೆಯೇ. ಹೂ ಬಿಡಿಸುವ ಕೆಲಸಕ್ಕೆ ಆಳು ಹಚ್ಚಿ, ತಾನು ಬೆಳಗಿನ ಹೊತ್ತೆಲ್ಲ ಗೂಡಿನೊಳಗೆ ಕುಳಿತಳು. ನಾನು ರಜೆಯ ದಿನ ಒಂದು ಮಣೆ ಹಾಕಿಕೊಂಡು ಹೊರಗೆ, ನಾಯಿಯ ಬಾಯಿ ಎಟುಕದಷ್ಟು ದೂರದಲ್ಲಿ ಕುಳಿತು ನನ್ನ ಪಾಲಿನ ಕಾಯಿ ಸುಲಿಯುತ್ತಿದ್ದೆ. ಉಮ್ಮತ್ತೂರಿನ ನನ್ನ ತವರಿನ ವಿಷಯ, ಅವಳ ಗಂಡನ ಫೋನಿನ ವಿಷಯ, ಹೀಗೆ ಏನೇನೋ ಮಾತು. ನಾಯಿ ಒಂದು ಕಣ್ಣು ತೆರೆದು ನನ್ನನ್ನೇ ಕಾಯುತ್ತಿತ್ತು. ಬರಬರುತ್ತಾ ಅಕ್ಕ ಒಳಗೆ ಕೂರುವ ಹೊತ್ತು ಕಡಿಮೆಯಾಯಿತು. ಆಮೇಲೆ ಬಾಗಿಲ ಹೊರಗೆ ಕುಳಿತಳು, ಆಮೇಲೆ ಜಗಲಿಯಲ್ಲಿ.

ಚಳಿ ಕಳೆಯುವ ಹೊತ್ತಿಗೆ, ಒಂದು ಬೆಳಿಗ್ಗೆ ಅವಳು ನನ್ನನ್ನು ಕೂಗಿದಳು. ಹೋದೆ. ಗೂಡಿನ ಸುತ್ತ ನೀರು ಚೆಲ್ಲಿ ಕೆಸರಾಗಿದ್ದ ಜಾಗದಲ್ಲಿ ಚಿರತೆಯ ಹೆಜ್ಜೆಗಳಿದ್ದವು, ಅಂಗೈಯಗಲ. ಜಾಲರಿ ಒಂದು ಕಡೆ ಒಳಕ್ಕೆ ಬಾಗಿತ್ತು. ನಾಯಿ ಮೂಲೆಯಲ್ಲಿ ನಡುಗುತ್ತಾ ನಿಂತಿತ್ತು, ಮೈಮೇಲೆ ಒಂದು ಗೀರೂ ಇರಲಿಲ್ಲ. ಅಕ್ಕ ಬಾಗಿದ ಜಾಲರಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. “ಉಳ್ಕತು” ಎಂದಳು, ಅಷ್ಟೇ. ನಾನು ಅವಳ ಭುಜ ಹಿಡಿದುಕೊಂಡೆ. ಆಮೇಲೆ ಇಬ್ಬರೂ ಅತ್ತೆವು.

ನಾಯಿ ಒಳ್ಳೆಯದಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಯಾರಾದರೂ ಓಡಿದರೆ ಒಳಗಿನಿಂದಲೇ ಜಾಲರಿಗೆ ಹಾರುತ್ತದೆ. ಹೊಲಕ್ಕೆ ಹೋಗುವಾಗ ಅಕ್ಕ ಅದರ ಬಾಯಿಗೆ ಚರ್ಮದ ಕುಕ್ಕೆ ಹಾಕಿ, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕರೆದೊಯ್ಯುತ್ತಾಳೆ. ಹಾಲಿನ ಅಜ್ಜ ಇವತ್ತಿಗೂ ಸುತ್ತು ಬಳಸಿ ಹಿಂದಿನ ಬೀದಿಯಿಂದಲೇ ಡೇರಿಗೆ ಬರುತ್ತಾರೆ. ಅಕ್ಕ ಎದುರಾದರೆ ಮಾತಾಡುವುದಿಲ್ಲ. ಮುರಿದ ಅವರ ಕೈ ಪೂರ್ತಿ ನೆಟ್ಟಗಾಗಲೇ ಇಲ್ಲ.

ಈಚೆಗೆ ಅಕ್ಕ ಗಂಡನಿಗೆ ಜ್ವರವೆಂದು ವಯನಾಡಿಗೆ ಹೋಗಬೇಕಾಯಿತು. ನಾಯಿಗೆ ಊಟ ಹಾಕುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಮುದ್ದೆ ಮುರಿದು ಸಾರಿನಲ್ಲಿ ಕಲಸಿ, ತಟ್ಟೆಯನ್ನು ಉದ್ದನೆಯ ಕೋಲಿನಲ್ಲಿ ಬಾಗಿಲ ಕೆಳಗೆ ತಳ್ಳಿ, “ತಿನ್ಲಾ, ನಾನೇನೂ ಹಾಕಿಲ್ಲ ಇದ್ರೊಳಗೆ” ಎಂದು ಹೇಳುವುದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ನಾಯಿ ಗುರ್ರೆಂದು ನಿಂತೇ ಇರುತ್ತಿತ್ತು. ಇವರು ತಿರುಗಿ ನಮ್ಮ ಜಗಲಿ ಹತ್ತಿದ ಮೇಲೆಯೇ ತಟ್ಟೆಗೆ ಬಾಯಿ ಹಾಕುತ್ತಿತ್ತು.