ಉಜ್ಜಿನಪ್ಪ ಮಾವನ ಹಗುರ ಗಾಡಿ

ಗಾಡಿಯ ವಿಷಯದಲ್ಲಿ ನಮ್ಮ ಉಜ್ಜಿನಪ್ಪ ಮಾವನಿಗೆ ಬುದ್ಧಿ ಹೇಳುವಂಥವರು ಹೊಸಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. ಇದು ನನ್ನ ಮಾತಲ್ಲ, ಅವರದೇ. ಸಂಡೂರಿನ ಗಣಿಯಲ್ಲಿ ಮೂವತ್ತೊಂದು ವರ್ಷ ಡಂಪರ್ ಓಡಿಸಿದವರು. ಆಳೆತ್ತರದ ಚಕ್ರ, ಏಣಿ ಹತ್ತಿ ಸೇರಬೇಕಾದ ಕ್ಯಾಬಿನ್ನು, ಹಿಂದೆ ರಾಶಿ ಅದಿರು. ಅಂಥದ್ದರಿಂದ ಇಳಿದು ಬಂದ ಮನುಷ್ಯ ಸಂಜೆ ಸಣ್ಣಪುಟ್ಟ ಗಾಡಿ ಹತ್ತುವುದುಂಟೇ? ಇಪ್ಪತ್ತೆರಡು ವರ್ಷ ಬುಲೆಟ್ಟೇ. ಅದರ ಸದ್ದು ಓಣಿಯ ತುದಿಯಲ್ಲಿ ಕೇಳಿಸಿದ ಕೂಡಲೇ ಅಕ್ಕ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ಮಾವ ಕೈಕಾಲು ತೊಳೆದು ಕೂರುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು.

ಅಕ್ಕ ಅಂದರೆ ಉಚ್ಚೆಂಗಮ್ಮ. ನಾನು ಅವಳ ತಂಗಿ ದೇವಿಕಾ; ನಮ್ಮ ಕಡೆ ಅಕ್ಕನ ಗಂಡನನ್ನು ಮಾವ ಅನ್ನುತ್ತೇವೆ. ಚಿತ್ತವಾಡ್ಗಿಯಲ್ಲಿ ಅವರ ಮನೆಯ ಪಕ್ಕದಲ್ಲೇ ನನ್ನ ಸೀಟ್ ಕವರ್ ಅಂಗಡಿ. ಲಾರಿ ಸೀಟು, ಆಟೋ ಸೀಟು, ತಾಡಪತ್ರಿ, ಸೂಜಿ ಇಳಿಯುವುದನ್ನೆಲ್ಲ ಹೊಲಿಯುತ್ತೇನೆ. ಮಾವನಿಗೆ ನನ್ನ ಬಾಯಿ ಕಂಡರೆ ಭಯ, ನನಗೆ ಮಾವನೆಂದರೆ ಪ್ರಾಣ. ಎರಡನ್ನೂ ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ನಾವಿಬ್ಬರೂ ಕಂಪ್ಲಿಯ ಹೊಳೆ ದಂಡೆಯಲ್ಲಿ ಬೆಳೆದವರು. ತುಂಗಾ ಬೇರೆ, ಭದ್ರಾ ಬೇರೆ, ಕೂಡಲಿ ಅನ್ನುವ ಊರಲ್ಲಿ ಎರಡೂ ಕೂಡಿ ಒಂದಾಗಿ ನಮ್ಮ ಕಡೆ ಬರುತ್ತವೆ ಅಂತ ಅವ್ವ ಹೇಳಿದ್ದಳು. ಅಂದಿನಿಂದ ಅಕ್ಕನಿಗೆ ಆ ಜಾಗ ನೋಡುವ ಹುಚ್ಚು. ಮದುವೆಯಾದ ಹೊಸದರಲ್ಲಿ ಮಾವ, "ನಿನ್ನನ್ನ ಗಾಡಿ ಮ್ಯಾಲೆ ಕುಂದ್ರಿಸ್ಕೊಂಡು ಕರಕೊಂಡು ಹೋಗ್ತೀನಿ" ಅಂತ ಮಾತು ಕೊಟ್ಟರು. ಆಮೇಲೆ ಶಿಫ್ಟು, ಮಕ್ಕಳು, ಮತ್ತೆ ಶಿಫ್ಟು. ನಿವೃತ್ತಿಯಾದ ಮೇಲೆ ನಾನೇ ಅಂದೆ, "ಬಸ್ಸಿಗೆ ಹೋಗಿ ಬರ್ರಿ ಮಾವ." ಅದಕ್ಕವರು ಮುಖ ಊದಿಸಿಕೊಂಡು, "ಬಸ್ಸಿಗೆ ಹೋಗಾಕ ನಾನ್ಯಾಕ ಬೇಕು?" ಅಂದರು.

ಹೋದ ವರ್ಷ ಯುಗಾದಿ ಕಳೆದ ವಾರ ಇಬ್ಬರೂ ಸಂಡೂರಿಗೆ ಹೋಗಿ ಬರುತ್ತಿದ್ದರು. ತಿರುವಿನಲ್ಲಿ ರಸ್ತೆ ಮೇಲೆ ಚೆಲ್ಲಿದ್ದ ಅದಿರಿನ ಪುಡಿಗೆ ಚಕ್ರ ಜಾರಿತು. ಮಾವ ಒಂದು ಕಡೆ ಬಿದ್ದರು. ಅಕ್ಕನ ಎಡಗಾಲು ಬುಲೆಟ್ಟಿನ ಕೆಳಗೆ. ಮಾವ ಮೂರು ಸಲ ಎತ್ತಲು ಹೋದರು. ಸುಮಾರು ಎರಡು ಕ್ವಿಂಟಾಲ್ ಗಾಡಿ, ಸವೆದ ಮಂಡಿಗಳು. ಮೂರು ಸಲವೂ ಆಗಲಿಲ್ಲ. ಹಿಂದೆ ಬಂದ ಲಾರಿಯವರು ಇಳಿದು ಎತ್ತಿದರು. ಅಕ್ಕನ ಹಿಮ್ಮಡಿಯ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಅಷ್ಟು ದಿನದಲ್ಲಿ ಅವಳು ಆ ಬಗ್ಗೆ ಆಡಿದ್ದು ಒಂದೇ ಮಾತು: "ಎತ್ತಾಕ ಆಗದ್ದನ್ನ ಯಾಕ ಓಡಿಸ್ತೀರಿ?"

ಪ್ಲಾಸ್ಟರ್ ಬಿಚ್ಚುವ ಮೊದಲೇ ಬುಲೆಟ್ ಮಲಪನಗುಡಿಯ ಬಾಳೆ ವ್ಯಾಪಾರಿಯ ಪಾಲಾಯಿತು. ಈಗಲೂ ಅದು ನಮ್ಮ ಓಣಿಯ ಮುಂದೆ ಹಾದುಹೋದರೆ ಮಾವ ಮಾತು ನಿಲ್ಲಿಸಿ ಕೇಳುತ್ತಾರೆ. ನಾನು ಬೇಕೆಂತಲೇ ಮಷಿನ್ ಜೋರು ಮಾಡುತ್ತೇನೆ.

ಹೊಸ ಗಾಡಿ ಕೊಳ್ಳಲು ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಮೈಲೇಜ್ ಕೇಳಲಿಲ್ಲ, ಬಣ್ಣ ನೋಡಲಿಲ್ಲ. ಪ್ರತಿ ಗಾಡಿಯ ಮುಂದೆ ನಿಂತು, "ತೂಕ ಎಷ್ಟೈತ್ರಿ?" ಶೋರೂಮಿನವನು ರೋಸಿಹೋಗಿ, "ಏನ್ರಿ ಯಜಮಾನ್ರ, ಗುಜರಿಗೆ ಹಾಕ್ತೀರೇನು?" ಅಂದ. ಕಡೆಗೆ ನೂರ ಹನ್ನೆರಡು ಕಿಲೋದ ಒಂದು ಗಾಡಿ ಮನೆಗೆ ಬಂತು. ಅದರ ಸದ್ದೂ ನನ್ನ ಹೊಲಿಗೆ ಮಷಿನ್ನಿನ ಸದ್ದೂ ಒಂದೇ. ಸಂಜೆ ಮಾವ ಪೇಟೆ ಸುತ್ತಿ ಬಂದದ್ದು ಅಕ್ಕನಿಗೆ ಕೇಳಿಸುತ್ತಲೇ ಇರಲಿಲ್ಲ. ರೊಟ್ಟಿ ಒಂದೋ ಆರಿಹೋಗಿರುತ್ತಿತ್ತು, ಇಲ್ಲವೇ ಇನ್ನೂ ಹಿಟ್ಟಾಗಿಯೇ ಇರುತ್ತಿತ್ತು.

ಅಕ್ಕ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಗಾಡಿ ನೋಡಿದಳು. "ಚಲೋ ಐತಿ. ನೀವು ಅಡ್ಡಾಡ್ರಿ, ನಾ ಕುಂದ್ರಂಗಿಲ್ಲ," ಅಂದಳು. ಅಷ್ಟೇ. ಮೊರದಿಂದ ತಲೆ ಎತ್ತಲಿಲ್ಲ.

ಹೆದರಿದ್ದಾಳೆ ಅಂದುಕೊಂಡರು ಮಾವ. ಗಂಡಸರ ಬುದ್ಧಿ ನೋಡಿ, ಹೆಂಡತಿಯ ಹೆದರಿಕೆಗೆ ಮದ್ದು ಅಂತ ಕಬ್ಬಿಣ ತರಲು ಹೊರಟರು! ಎದುರಿಗಿನ ವೆಲ್ಡಿಂಗ್ ಅಂಗಡಿಯ ಹುಲುಗೇಶನಿಗೆ ಹಬ್ಬವೋ ಹಬ್ಬ. ಮುಂದೆ ಗಾರ್ಡು, ಹಿಂದೆ ಕ್ಯಾರಿಯರ್ರು, ಎರಡೂ ಬದಿಗೆ ಬ್ಯಾಗು ನಿಲ್ಲಿಸಲು ಚೌಕಟ್ಟು, ಅಕ್ಕನ ಕಾಲಿಡಲು ಅಗಲದ ಮೆಟ್ಟಿಲು, ಸೀರೆ ಸಿಕ್ಕದ ಹಾಗೆ ಜಾಲರಿ. "ಏನ್ ಮಾವ, ಗಾಡಿ ಮಾಡಸ್ತೀರೋ ಕಿಟಕಿ ಗ್ರಿಲ್ ಮಾಡಸ್ತೀರೋ?" ಅಂದೆ. ಹಾಗೆ ನಕ್ಕ ನಾನೂ ಸುಮ್ಮನಿರಲಿಲ್ಲ ಬಿಡಿ. ಲಾರಿ ತಾಡಪತ್ರಿಯಲ್ಲಿ ಎರಡು ದೊಡ್ಡ ಸೈಡ್ ಬ್ಯಾಗ್ ಹೊಲಿದೆ, ಅಕ್ಕನ ಸೀಟಿಗೆ ಎರಡು ಪದರ ಫೋಮ್ ಹಾಕಿ, ಬೆನ್ನಿಗೆ ದಿಂಬನ್ನೂ ಕೂರಿಸಿದೆ. ಬ್ಯಾಗಿಗೆ ಮಾವ ತುಂಬಿದ್ದೇನು ಕೇಳಿ: ಸಣ್ಣ ಗ್ಯಾಸ್ ಒಲೆ, ಹತ್ತು ಲೀಟರ್ ನೀರಿನ ಕ್ಯಾನು, ಪಂಕ್ಚರ್ ಸಾಮಾನು, ಗಾಳಿ ಪಂಪು. ಜೊತೆಗೆ ಡಂಪರಿನ ಕಾಲದ ಒಂದು ಪಾನಾ, ಮೊಳದುದ್ದದ್ದು. ಆ ಗಾಡಿಯಲ್ಲಿ ಅದಕ್ಕೆ ಸರಿಹೊಂದುವ ಒಂದೇ ಒಂದು ನಟ್ಟಿಲ್ಲ.

"ಇರ್ಲಿ ಬಿಡವ್ವ, ಧೈರ್ಯಕ್ಕ," ಅಂದರು.

ಇಷ್ಟಕ್ಕೇ ನಿಲ್ಲಲಿಲ್ಲ. ಗಣಿಯೊಳಗೆ ಬರುವ ಸಣ್ಣ ಗಾಡಿಗಳಿಗೆಲ್ಲ ಎತ್ತರದ ಕೋಲು ಕಟ್ಟಿ ಕೆಂಪು ಬಾವುಟ ಹಾರಿಸಬೇಕಂತೆ. ಡಂಪರಿನ ಮೇಲೆ ಕೂತವನಿಗೆ ಕೆಳಗಿನದ್ದು ಕಾಣುವುದಿಲ್ಲ. ಒಮ್ಮೆ ಬಾವುಟವಿಲ್ಲದ ಜೀಪೊಂದನ್ನು ಮಾವ ಚಪ್ಪಟೆ ಮಾಡಿದ್ದರು. ಜೀಪಿನವನು ಬೀಡಿ ಸೇದಲು ಕೆಳಗಿಳಿದಿದ್ದಕ್ಕೆ ಬದುಕಿದ. ಬೀಡಿಯಿಂದ ಆಯುಷ್ಯ ಹೆಚ್ಚಿದ್ದು ಅವನೊಬ್ಬನಿಗೇ ಇರಬೇಕು. ಹಾಗಾಗಿ ನಮ್ಮ ನೂರ ಹನ್ನೆರಡು ಕಿಲೋದ ಗಾಡಿಗೂ ಎಂಟಡಿ ಕೋಲು ಬಂತು. ಅಕ್ಕನ ಹಳೆ ಕೆಂಪು ಸೀರೆ ಕತ್ತರಿಸಿ ಬಾವುಟ ಹೊಲಿದುಕೊಟ್ಟೆ. ಅವಳನ್ನು ಕೇಳಲಿಲ್ಲ, ಅದಕ್ಕೆ ಬೈಸಿಕೊಂಡಿದ್ದೂ ಆಯಿತು.

ಗಾಡಿ ಹೇಗೆ ಓಡುತ್ತದೆಂದು ನೋಡಲು ಮಾವ ಒಬ್ಬರೇ ಹಂಪಿಗೆ ಹೋದರು. ಗುಡಿಯ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಬಾವುಟ ಯಾರಾದರೂ ಕದ್ದಾರೆಂದು ಕೋಲು ಬಿಚ್ಚಿ ಕೈಯಲ್ಲಿ ಹಿಡಿದು ನಡೆದರಂತೆ. ಸ್ವಲ್ಪ ದೂರ ಹೋಗಿ ತಿರುಗಿದರೆ ಹಿಂದೆ ಇಪ್ಪತ್ತು ಮಂದಿ! ದಾವಣಗೆರೆಯ ನಿವೃತ್ತ ಮೇಷ್ಟರ ತಂಡ, ಬಾವುಟ ಕಂಡು ಇವರೇ ನಮ್ಮ ಗೈಡ್ ಅಂದುಕೊಂಡಿತ್ತು. ಮಾವ ಇಲ್ಲ ಅನ್ನಬಹುದಿತ್ತು. ಅಂದರೆ ಅವರು ಉಜ್ಜಿನಪ್ಪ ಹೇಗಾಗುತ್ತಾರೆ?

"ಈ ಕಂಬ ನೋಡ್ರಿ, ಕಡಿಮಿ ಅಂದ್ರೂ ಎಂಟು ಟನ್. ನನ್ನ ಡಂಪರಿನಾಗ ಹಿಂಥಾವು ಹನ್ನೆರಡು ಹಿಡಿತಿದ್ವು," ಅಂತ ಶುರು ಹಚ್ಚಿದರು. ಯಾವ ರಾಜ, ಯಾವ ಶಾಸನ, ಒಂದೂ ಇಲ್ಲ. ಬರೀ ತೂಕ. ನಿಜವಾದ ಗೈಡ್ ಕನಕರಾಜ್ ಏದುಸಿರು ಬಿಡುತ್ತ ಓಡಿ ಬಂದು, "ಏನ್ರಿ ಇದು, ಹೊಟ್ಟಿ ಮ್ಯಾಲೆ ಹೊಡಿತೀರಲ್ರಿ!" ಅಂತ ಕೂಗಾಡಿದ. ಮೇಷ್ಟರೊಬ್ಬರು, "ಸ್ವಲ್ಪ ತಡೀರಿ, ಆ ಬಂಡೆ ಎಷ್ಟು ಟನ್ ಅಂತ ಕೇಳಿಬಿಡ್ತೀನಿ," ಅಂದರಂತೆ. ಕೊನೆಗೆ ಕನಕರಾಜನೇ ಮಾವನಿಗೆ ಎಳನೀರು ಕುಡಿಸಿ ಕಳಿಸಿದ. ಮಾವ ಅದನ್ನು ಹೇಳುತ್ತಿದ್ದರೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆರೇಳು ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು.

ಅದೇ ಹುರುಪಿನಲ್ಲಿ ಮಾವ, "ಎಲ್ಲಾ ರೆಡಿ ಐತಿ. ನಾಡಿದ್ದು ಕೂಡಲಿ ನೋಡಾಕ ಹೋಗೂಣು. ಕುಂದರ್ತಿ ಅಲ್ಲ?" ಅಂದರು.

ಅಕ್ಕ ಎದ್ದು ಅಂಗಳಕ್ಕೆ ಬಂದಳು. "ಅದನ್ನ ಕೆಡವ್ರಿ."

"ಏನು?"

"ಗಾಡಿ ನೆಲಕ್ಕ ಕೆಡವ್ರಿ ಅಂದ್ನಿ."

ಮಾವನ ಮುಖ ನೋಡಬೇಕಿತ್ತು. ಹೊಸ ಗಾಡಿ! ಆದರೂ ಎರಡು ಗೋಣಿಚೀಲ ಹಾಸಿ ಮೆಲ್ಲಗೆ ಮಲಗಿಸಿದರು. ಅಕ್ಕ ಸೆರಗು ಸಿಕ್ಕಿಸಿ, ಹ್ಯಾಂಡಲ್ ಹಿಡಿದು ಎತ್ತಲು ಹೋದಳು. ಗಾಡಿ ಅಲುಗಲಿಲ್ಲ. ಹೇಗೆ ಅಲುಗೀತು? ಕಬ್ಬಿಣ, ಒಲೆ, ನೀರು, ಪಾನಾ ಎಲ್ಲ ಸೇರಿ ಅದು ಮತ್ತೆ ಬುಲೆಟ್ಟೇ ಆಗಿತ್ತು.

"ನಾ ಎತ್ತತೀನಿ ಬಿಡು, ನಿನಗ್ಯಾಕ ಅದು?" ಅಂದರು ಮಾವ.

ಅಕ್ಕ ಸಿಟ್ಟಾದಳು. ಅಕ್ಕ ಸಿಟ್ಟಾದರೆ ಕೂಗುವುದಿಲ್ಲ, ದನಿ ಇಳಿಯುತ್ತದೆ. "ಅವತ್ತ ನನ್ನ ಕಾಲು ಕೆಳಗಿತ್ತು. ನೀವು ಮೂರು ಸಲ ಎತ್ತಾಕ ಹೋಗಿ, ಆಗದಿದ್ದಕ್ಕ ರಸ್ತಾದಾಗ ಕುಂತು ಅತ್ರಿ. ಕಾಲಿನ ನೋವು ಮರತೀನಿ. ಅದನ್ನ ಮರಿಯಾಕ ಆಗವಲ್ದು. ನಾಳೆ ಕೆಳಗ ನೀವು ಸಿಕ್ಕೊಂಡ್ರ? ನಾನೂ ಹಂಗ ಕುಂತು ಅಳಬೇಕೇನು? ನಾ ಎತ್ತುವಂಥಾ ಗಾಡಿ ಆದ್ರ ಕುಂದರ್ತೀನಿ. ಇಲ್ಲಂದ್ರ ಇಲ್ಲ."

ಅತ್ತದ್ದು ನನಗೆ ಗೊತ್ತೇ ಇರಲಿಲ್ಲ. ಮಾವ ನನ್ನ ಕಡೆ ನೋಡಲಿಲ್ಲ. ಹೋಗಿ ಹುಲುಗೇಶನನ್ನು ಕರೆದುಕೊಂಡು ಬಂದರು.

ಗಾರ್ಡ್ ಹೋಯಿತು. ಅಕ್ಕ ಎತ್ತಿದಳು; ಆಗಲಿಲ್ಲ. ಚೌಕಟ್ಟು, ಮೆಟ್ಟಿಲು, ಜಾಲರಿ ಹೋದವು, ಒಲೆ ಹೋಯಿತು, ನೀರಿನ ಕ್ಯಾನು ಹೋಗಿ ಎರಡು ಬಾಟಲಿ ಬಂದವು. ನನ್ನ ಒಂದು ಬ್ಯಾಗೂ ಹೋಯಿತು. ಪಾನಾ ತೆಗೆದಿಡುವಾಗ ಮಾವ ಕೊಂಚ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಈಗ ಗಾಡಿ ಒಂದು ಗೇಣು ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಇನ್ನು ಬಿಚ್ಚಲು ಸೀಟು, ಕ್ಯಾರಿಯರ್ರು, ಬಾವುಟದ ಕೋಲು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡಿದಳು. ಆಮೇಲೆ ತಿರುಗಿ ಗಾಡಿಗೆ ಬೆನ್ನು ಮಾಡಿದಳು. ಕುಕ್ಕರಗಾಲಲ್ಲಿ ಕೂತು, ಸೀಟಿಗೆ ಸೊಂಟ ಆನಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಕ್ಯಾರಿಯರ್ ಹಿಡಿದಳು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಅವ್ವನ ಜೊತೆ ಕೂಲಿಗೆ ಹೋದಾಗ ಜಾರಿದ ಚೀಲವನ್ನು ನಾವು ಹೀಗೇ ನಿಲ್ಲಿಸುತ್ತಿದ್ದೆವು. ಕೈಯಲ್ಲಿ ಎತ್ತಬಾರದು, ಬೆನ್ನು ಕೊಟ್ಟು ಕಾಲಲ್ಲಿ ಏಳಬೇಕು. ನನಗೆ ನೆನಪೇ ಹೋಗಿತ್ತು. ಅಕ್ಕ ಎರಡು ಸಣ್ಣ ಹೆಜ್ಜೆ ಹಿಂದಕ್ಕೆ ಇಟ್ಟಳು, ಗಾಡಿ ಎದ್ದು ನಿಂತಿತು.

"ಅಯ್ಯ! ಇದನ್ನ ಅವತ್ತ ಹೇಳಬಾರದಾಗಿತ್ತೇನು?" ಅಂದರು ಮಾವ.

"ಅವತ್ತ ನಾ ಕೆಳಗಿದ್ನಲ್ರಿ," ಅಂದಳು ಅಕ್ಕ.

ಅಂಗಳದಲ್ಲಿ ಮೂರು ಸಲ ಕೆಡವಿಸಿ ಮೂರು ಸಲ ಎತ್ತಿದಳು. ಬಾವುಟದ ಕೋಲನ್ನೂ ಮಾವ ಬಿಚ್ಚಲು ಹೋದಾಗ ಬೇಡ ಅಂದಳು. "ಅದು ಇರ್ಲಿ. ನನ್ನ ಸೀರಿ ಅದು." ಎರಡು ದಿನ ಬಿಟ್ಟು ಬೆಳಿಗ್ಗೆ ಹೊರಟರು. ಒಂದೇ ಬ್ಯಾಗು, ಎರಡು ಬಾಟಲಿ, ಅಕ್ಕನ ತೊಡೆಯ ಮೇಲೆ ಬುತ್ತಿ. ಮರಿಯಮ್ಮನಹಳ್ಳಿ ದಾಟುವವರೆಗೂ ಲಾರಿಯವರೆಲ್ಲ ಬಾವುಟ ನೋಡಿ ಪಾದಯಾತ್ರೆಯ ಗಾಡಿ ಅಂತ ದಾರಿ ಬಿಟ್ಟರಂತೆ.

ಮಾರನೆಯ ದಿನ ಮಧ್ಯಾಹ್ನ ಫೋನ್ ಬಂತು.

"ದೇವಿಕಾ, ಗಾಡಿ ಬಿತ್ತು," ಅಂದರು ಮಾವ.

ನಾನು ಮಷಿನ್ ನಿಲ್ಲಿಸಿದೆ. "ಅಕ್ಕ?"

"ಅಕಿಗೇನೂ ಆಗಿಲ್ಲ. ಹೊಳಿ ದಂಡಿ ಉಸುಗಿನಾಗ ಜಾರಿತು. ನನ್ನ ಕಾಲು ಕೆಳಗ ಸಿಕ್ಕಿತ್ತು."

"ಮತ್ತ?"

ಅತ್ತ ಕಡೆಯಿಂದ ನೀರಿನ ಸದ್ದು, ಯಾರದೋ ಮಾತು. "ಮಂದಿ ಓಡಿ ಬಂದ್ರವ್ವ," ಅಂದರು. "ಯಾರೂ ಮುಟ್ಟಬ್ಯಾಡ್ರಿ ಅಂದ್ಲು. ಬೆನ್ನು ಕೊಟ್ಟು ಒಬ್ಬಾಕಿನ ಎತ್ತಿದ್ಲು."

ಅಕ್ಕ ಫೋನ್ ಕಸಿದುಕೊಂಡಳು. "ಅಳಬ್ಯಾಡ್ರಿ, ಮಂದಿ ನೋಡ್ತಾರ. ಏ ದೇವಿಕಾ, ಎರಡೂ ಹೊಳಿ ನೋಡಿದ್ನೆ, ಅವ್ವ ಹೇಳಿದ್ದು ಖರೇ. ನಾಳೆ ಸಂಜಿಗಿ ಬರ್ತೀವಿ, ಹಿಟ್ಟು ನಾದಿಡು. ಈ ಗಾಡಿ ಬಂದದ್ದು ನಿನಗ ಕೇಳಂಗಿಲ್ಲ. ಬಾವುಟ ನೋಡಿ ಹಂಚಿಗಿ ಹಾಕು."

ಮರುದಿನ ಸಂಜೆ ಓಣಿಯ ತುದಿಯ ಗೋಡೆಯಾಚೆ ಅಕ್ಕನ ಕೆಂಪು ಸೀರೆ ಹಾರುವುದು ಕಂಡಿತು. ನಾನು ರೊಟ್ಟಿ ಹಾಕಿದೆ.